ಕಾತ್ರಜ ಘಾಟಿನ ಓವರ್‌ಡ್ರೈವ್ ಗುಂಡಿ

ಗಾಡಿಯ ಗುಂಡಿ ಹೊರಗಿತ್ತೋ ಒಳಗಿತ್ತೋ, ನನಗೆ ಇವತ್ತಿಗೂ ಗೊತ್ತಿಲ್ಲ. ಈ ಸಂಗತಿಯನ್ನು ಎಷ್ಟೋ ಸಲ ಎಷ್ಟೋ ಜನರಿಗೆ ಹೇಳಿದ್ದೇನೆ. ಹೇಳಿದಷ್ಟೂ ಅದು ನುಣುಪಾಗುತ್ತ ಬಂದಿದೆ. ಬಹಳ ನುಣುಪಾದ ಬೇರಿಂಗ್ ಕಂಡರೆ ಅದು ಸವೆದಿದೆ ಎಂದೇ ಅರ್ಥ, ನೆನಪಿನ ವಿಷಯದಲ್ಲೂ ನನಗೆ ಅದೇ ಗುಮಾನಿ. ಒಂದು ಸಲ ಹೇಳುವಾಗ ಅದು ಮಳೆ ಮುಗಿದ ಕಾಲ, ಇನ್ನೊಂದು ಸಲ ಹೇಳುವಾಗ ಸಂಕ್ರಾಂತಿಯ ಚಳಿ. ನನ್ನ ಹೆಂಡತಿ ಸುಶೀಲಾ ಇವೆರಡನ್ನೂ ಒಪ್ಪುವುದಿಲ್ಲ. ಆದರೆ ಒಬ್ಬ ಮನುಷ್ಯನ ಅನ್ನ ಆ ಗುಂಡಿಯ ಮೇಲೆ ನಿಂತಿತ್ತು ಎಂಬುದರಲ್ಲಿ ಇಬ್ಬರಿಗೂ ಅನುಮಾನವಿಲ್ಲ. ಗ್ಯಾರೇಜಿನ ಕೆಲಸಕ್ಕೆ ಈಗ ಇಳಿಯುತ್ತಿರುವವರಿಗೆ ಉಪಯೋಗವಾದೀತೆಂದು, ಸಂಶಯಗಳ ಸಮೇತ ಬರೆದಿಡುತ್ತೇನೆ.

ನಾನು ಧಾರವಾಡದವನು. ಪುಣೆಯಲ್ಲಿ ಇಂಜಿನಿಯರಿಂಗ್ ಓದಿ, ಸರಕಾರಿ ನೌಕರಿ ಹಿಡಿಯುತ್ತೇನೆಂದು ಮನೆಯವರು ಕಾಯುತ್ತಿರುವಾಗ, ಲಷ್ಕರದ, ಅಂದರೆ ಪುಣೆಯ ಕ್ಯಾಂಪಿನ, ಒಂದು ಮೋಟಾರ್ ಗ್ಯಾರೇಜಿಗೆ ಸೇರಿಕೊಂಡೆ. ಮಾಲೀಕರು ರುಸ್ತುಮ್‌ಜಿ ಎಂಬ ಪಾರ್ಸಿ ಗೃಹಸ್ಥರು. ಎಲ್ಲರಿಗೂ ಅವರು ಶೇಟ್. ನನ್ನ ಹೆಸರನ್ನು ಅವರು ಒಂದು ದಿನವೂ ಹಿಡಿದು ಕರೆಯಲಿಲ್ಲ, ‘ಕಾಲೇಜ್’ ಎಂದೇ ಕೂಗುತ್ತಿದ್ದರು. ‘ಕಾಲೇಜ್, ಚಾ ಆರ್ತಿದೆ’, ‘ಕಾಲೇಜ್, ಆ ಗಾಡಿಯ ಕೆಳಗೆ ಮಲಗು’. ಮೊದಲ ವರ್ಷ ಅದು ಚುಚ್ಚುತ್ತಿತ್ತು. ಆಮೇಲೆ ಬೇರೆ ಯಾರಾದರೂ ನನ್ನ ಹೆಸರು ಹೇಳಿದರೆ ತಿರುಗಿ ನೋಡುವುದನ್ನೇ ಮರೆತೆ.

ಶೇಟರ ನಿಯಮ ಒಂದೇ: ಪೆಹ್ಲೆ ಚಲಾವ್, ಬಾದ್ ಮೆ ಖೋಲ್. ಮೊದಲು ಓಡಿಸು, ಬಿಚ್ಚುವುದು ಆಮೇಲೆ. ಗಾಡಿಯ ಧಣಿಯನ್ನೋ ಡ್ರೈವರನ್ನೋ ಪಕ್ಕದಲ್ಲಿ ಕೂಡಿಸಿಕೊಂಡು ಒಂದು ಸುತ್ತು ಹೋಗಿ ಬರದೆ ಯಾವ ಗೇರ್‌ಬಾಕ್ಸಿಗೂ ಸ್ಪ್ಯಾನರ್ ತಾಗಿಸುವಂತಿರಲಿಲ್ಲ. ನಾನು ಕಾಲೇಜಿನಿಂದ ಬಂದವನು, ಬಿಚ್ಚಿ ನೋಡುವುದೇ ವಿಜ್ಞಾನ ಎಂದುಕೊಂಡಿದ್ದೆ. ಕುದುರೆಯ ಕಾಲು ನೋಯುತ್ತಿದೆ ಎಂದರೆ ನೀನು ಕುದುರೆಯನ್ನು ಕೊಯ್ದು ನೋಡುವ ಪೈಕಿ ಎಂದು ಶೇಟರು ನಗುತ್ತಿದ್ದರು.

ಆ ಕಾಲದಲ್ಲಿ ನಮ್ಮ ಕೈಗೆ ಬರುತ್ತಿದ್ದ ಗೇರ್‌ಬಾಕ್ಸುಗಳು ಹೆಚ್ಚಾಗಿ ಮೂರು ಗೇರಿನವು. ಹಳೆಯವುಗಳಲ್ಲಿ ಗೇರ್ ಬದಲಿಸುವುದೆಂದರೆ ಕ್ಲಚ್ಚನ್ನು ಎರಡು ಬಾರಿ ತುಳಿಯಬೇಕು, ನಡುವೆ ಇಂಜಿನ್ನಿನ ಸದ್ದಿಗೆ ಕಿವಿ ಕೊಡಬೇಕು. ತಪ್ಪಿದರೆ ಹಲ್ಲುಗಳು ಕಿರುಚಿಕೊಳ್ಳುತ್ತಿದ್ದವು, ರಸ್ತೆಯ ಜನ ತಿರುಗಿ ನೋಡಿ ಡ್ರೈವರನ ಮಾನ ಹೋಗುತ್ತಿತ್ತು. ಅಂಥ ಕಾಲದಲ್ಲಿ ಊರಿಗೆ ಹೊರಟಿದ್ದ ಒಬ್ಬ ಗೋರಾ ಸಾಹೇಬ ಒಂದು ದೊಡ್ಡ ಅಮೆರಿಕನ್ ಗಾಡಿಯನ್ನು ನಮ್ಮ ಗ್ಯಾರೇಜಿನಲ್ಲಿ ಮಾರಾಟಕ್ಕೆ ಬಿಟ್ಟುಹೋದ. ಅದರ ಡ್ಯಾಶ್‌ಬೋರ್ಡಿನ ಅಡಿಯಲ್ಲಿ, ಸ್ಟಿಯರಿಂಗಿನ ಎಡಕ್ಕೆ, ದಂತದ ಬಣ್ಣದ ಒಂದು ದುಂಡನೆಯ ಗುಂಡಿ ಇತ್ತು. ಎಳೆದರೆ ಎರಡು ಬೆರಳಗಲ ಹೊರಗೆ ಬರುತ್ತಿತ್ತು, ಒತ್ತಿದರೆ ಒಳಗೆ ಹೋಗುತ್ತಿತ್ತು. ಗಾಡಿಯ ಪುಸ್ತಕ ಸಾಹೇಬನ ಪೆಟ್ಟಿಗೆಯಲ್ಲಿ ಹಡಗು ಹತ್ತಿತ್ತು. ಇದು ಓವರ್‌ಡ್ರೈವ್, ಮೂರು ಗೇರಿನ ಮೇಲೆ ಇನ್ನೊಂದು ಗೇರ್ ಕೊಡುವ ಸಾಧನ ಎಂಬುದಷ್ಟೇ ನಮಗೆ ಗೊತ್ತಿತ್ತು.

ಶೇಟರು ತಾವೇ ಪಕ್ಕದಲ್ಲಿ ಕುಳಿತು ನನ್ನನ್ನೂ ಗಾಡಿಯನ್ನೂ ಸೋಲಾಪುರ ರಸ್ತೆಗೆ ಹೊರಡಿಸಿದರು. ಗುಂಡಿ ಒತ್ತಿಟ್ಟು, ವೇಗ ಹೆಚ್ಚಿದರೆ ಮೇಲಿನ ಗೇರ್ ತಾನಾಗಿ ಬೀಳುತ್ತದೆಂದು ಕೇಳಿದ್ದೆ. ವೇಗ ಹೆಚ್ಚಿಸಿದೆ. ಬೀಳಲಿಲ್ಲ. ಇನ್ನೂ ತುಳಿದೆ. ಗಾಡಿ ನಡುಗುತ್ತಿತ್ತು, ಪಕ್ಕದಲ್ಲಿ ಶೇಟರು ತಮ್ಮ ಕಪ್ಪು ಟೊಪ್ಪಿಗೆಯನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದರು. ಅಷ್ಟರಲ್ಲಿ ದೂರದಲ್ಲಿ ಎಮ್ಮೆಗಳ ಹಿಂಡು ರಸ್ತೆಗೆ ಇಳಿಯಿತು. ಹೆದರಿ ಪೆಡಲಿನಿಂದ ಕಾಲೆತ್ತಿದೆ. ನಮ್ಮ ಅಡಿಯಲ್ಲಿ ಎಲ್ಲೋ ‘ಟಕ್’ ಎಂದಿತು. ಎಮ್ಮೆಗಳು ಆ ಬದಿಗೆ ದಾಟಿದವು. ಮತ್ತೆ ತುಳಿದಾಗ ಗಾಡಿ ಅದೇ ವೇಗದಲ್ಲಿ ಓಡುತ್ತಿದೆ, ಇಂಜಿನ್ ಮಾತ್ರ ಊಟವಾದ ಮೇಲೆ ಅಡ್ಡಾದವರ ಹಾಗೆ ಮೆಲ್ಲಗೆ ಉಸಿರಾಡುತ್ತಿದೆ. ಓವರ್‌ಡ್ರೈವ್ ಬೀಳಬೇಕಾದರೆ ಪೆಡಲನ್ನು ತುಳಿಯುವುದಲ್ಲ, ಬಿಡಬೇಕು. ನನಗೆ ಅದನ್ನು ಕಲಿಸಿದ್ದು ಎಮ್ಮೆಗಳು. ಶೇಟರು ಮುಂದೆ ವರ್ಷಗಟ್ಟಲೆ, ಕಾಲೇಜಿನ ಪ್ರೊಫೆಸರರು ಆ ರಸ್ತೆಯ ಹಡಪಸರದ ಹತ್ತಿರ ಮೇಯುತ್ತಿರುತ್ತಾರೆ ಎಂದು ಗಿರಾಕಿಗಳಿಗೆ ಹೇಳುತ್ತಿದ್ದರು.

ಒಳಗೆ ನಡೆಯುವುದು ಇಷ್ಟು. ಗೇರ್‌ಬಾಕ್ಸಿನ ಬೆನ್ನಿಗೆ ಇನ್ನೊಂದು ಸಣ್ಣ ಪೆಟ್ಟಿಗೆ ಇರುತ್ತದೆ. ಅದರ ನಡುವಿನ ಹಲ್ಲುಗಾಲಿಗೆ ಸೂರ್ಯ ಎಂದು ಹೆಸರು. ಅದನ್ನು ಸುತ್ತುವ ಪುಟ್ಟ ಗಾಲಿಗಳು ಗ್ರಹಗಳು. ಇವೆಲ್ಲವನ್ನೂ ಬಳಸಿ, ಒಳಮುಖ ಹಲ್ಲುಗಳಿರುವ ಒಂದು ದೊಡ್ಡ ಬಳೆ. ಇಂಜಿನ್ನಿನ ಶಕ್ತಿ ಗ್ರಹಗಳನ್ನು ತಿರುಗಿಸುತ್ತದೆ, ಬಳೆಯಿಂದ ಅದು ಹಿಂದಿನ ಚಕ್ರಗಳಿಗೆ ಹೋಗುತ್ತದೆ. ಸೂರ್ಯನನ್ನು ಕದಲದಂತೆ ಹಿಡಿದರೆ ಬಳೆ ಇಂಜಿನ್ನಿಗಿಂತ ಜೋರಾಗಿ ತಿರುಗುತ್ತದೆ. ಇಂಜಿನ್ ಏಳು ಸುತ್ತು ಸುತ್ತಿದರೆ ಬಳೆ ಸುಮಾರು ಹತ್ತು. ಬಳೆಯನ್ನು ಹಿಂದಿನ ಚಕ್ರಗಳಿಗೆ ಕೂಡಿಸುವುದು ಒಳಗಿನ ಉಕ್ಕಿನ ನಾಲಿಗೆಗಳು. ಗಾಡಿ ಒಂದು ವೇಗ ದಾಟಿದಾಗ ಅವು ತಿರುಗುವ ರಭಸಕ್ಕೆ ಹೊರಗೆ ಚಿಮ್ಮಲು ನೋಡುತ್ತವೆ. ಎದುರಿಗೆ ಬಳೆಯಲ್ಲಿ ಕೊರೆದ ಸಂದುಗಳ ವೇಗ ತಮ್ಮ ವೇಗಕ್ಕೆ ಹೊಂದುವ ತನಕ ಕೂರಲು ಆಗುವುದಿಲ್ಲ. ಕಾಲೆತ್ತಿದಾಗ ಇಂಜಿನ್ ನಿಧಾನವಾಗುತ್ತದೆ, ವೇಗಗಳು ಹೊಂದುತ್ತವೆ, ನಾಲಿಗೆಗಳು ಸಂದುಗಳಲ್ಲಿ ಕೂರುತ್ತವೆ. ಆ ‘ಟಕ್’ ಅದೇ. ವೇಗ ಇಳಿದರೆ ತಾವಾಗಿ ಬಿಟ್ಟುಕೊಳ್ಳುತ್ತವೆ.

ಇನ್ನು ಅದರ ಕುತಂತ್ರ. ಗುಂಡಿ ಒಳಗಿದ್ದು ವೇಗ ಕಡಿಮೆ ಇದ್ದಾಗ ಆ ಪೆಟ್ಟಿಗೆ ಸೈಕಲ್ಲಿನ ಫ್ರೀವೀಲಿನ ಹಾಗೆ ವರ್ತಿಸುತ್ತದೆ. ಸೈಕಲ್ಲುಗಳ ಊರಾದ ಪುಣೆಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ, ಇಳಿಜಾರಿನಲ್ಲಿ ಪೆಡಲ್ ನಿಲ್ಲಿಸಿ ಕುಳಿತರೂ ಸೈಕಲ್ ಓಡುತ್ತಲೇ ಇರುತ್ತದೆ. ಇಂಜಿನ್ ಚಕ್ರಗಳನ್ನು ಎಳೆಯಬಲ್ಲದು, ಚಕ್ರಗಳು ಇಂಜಿನ್ನನ್ನು ತಿರುಗಿಸಲಾರವು. ಗುಂಡಿ ಹೊರಗೆ ಎಳೆದಾಗ ಮಾತ್ರ ಎರಡೂ ಗಟ್ಟಿಯಾಗಿ ಒಂದಾಗಿ, ಗಾಡಿ ಎಲ್ಲ ಗಾಡಿಗಳಂತೆ ಆಗುತ್ತದೆ.

ಆ ಗಾಡಿಯನ್ನು ಕೊಂಡವರು ಸದಾಶಿವ ಪೇಠದ ಹಣಮಂತರಾವ್ ವಕೀಲರು. ಬೆಳಗಾವಿ ಕಡೆಯ ಮನೆತನ, ಕೋರ್ಟಿನಲ್ಲಿ ಮರಾಠಿ, ಮನೆಯಲ್ಲಿ ಕನ್ನಡ. ಅವರ ತಾಯಿ ಅಂಬಕ್ಕನವರು ಎಪ್ಪತ್ತು ದಾಟಿದವರು, ಮನೆಯನ್ನೂ ವಕೀಲರನ್ನೂ ಆಳುತ್ತಿದ್ದವರು. ಹಿಂದಿನ ಸೀಟಿನಲ್ಲಿ ಕುಳಿತರೆ ಹೊಟ್ಟೆ ತೊಳಸುತ್ತದೆಂದು ಯಾವಾಗಲೂ ಮುಂದೆ, ಡ್ರೈವರನ ಪಕ್ಕದಲ್ಲಿ ಕೂರುತ್ತಿದ್ದರು. ಡ್ರೈವರ್ ಶಿವಲಿಂಗಪ್ಪ ಗೋಕಾಕಿನವನು, ಆಗಲೇ ಕೆಲವು ವರ್ಷಗಳಿಂದ ಆ ಮನೆಯಲ್ಲೇ ಉಂಡು ಆ ಮನೆಯ ಗಾಡಿ ನಡೆಸುತ್ತಿದ್ದವನು. ಅವನನ್ನು ಕೆಲಸಕ್ಕೆ ಇಟ್ಟುಕೊಳ್ಳುವಾಗ ವಕೀಲರು ಒಂದೇ ಕರಾರು ಹಾಕಿದ್ದರು: ಘಾಟಿನಲ್ಲಿ ಗೇರ್ ತಪ್ಪಿಸಿ ನ್ಯೂಟ್ರಲ್ ಮಾಡಿ ಗಾಡಿ ಇಳಿಸಕೂಡದು, ಇಂಜಿನ್ನಿನ ತಡೆ ತಪ್ಪಿ ಎಲ್ಲ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಆಗ ಪೆಟ್ರೋಲ್ ಉಳಿಸಲು ಎಲ್ಲ ಡ್ರೈವರುಗಳೂ ಹಾಗೆ ಇಳಿಸುತ್ತಿದ್ದರು. ಯುದ್ಧ ಬಂದು ಪೆಟ್ರೋಲಿಗೆ ಕೂಪನ್ನು ಶುರುವಾದ ಮೇಲಂತೂ ಅದು ಜಾಣತನ ಎನ್ನಿಸಿಕೊಂಡಿತ್ತು.

ಗಾಡಿ ಮನೆಗೆ ಹೋದ ಕೆಲವೇ ದಿನಗಳಲ್ಲಿ ಕರೆ ಬಂತು: ಬ್ಯಾಟರಿ ಸತ್ತಿದೆ, ಧಕ್ಕಾ ಕೊಟ್ಟರೂ ಚಾಲೂ ಆಗುತ್ತಿಲ್ಲ. ಸೈಕಲ್ ಹತ್ತಿ ಹೋದೆ. ಗಲ್ಲಿಯ ತುಂಬ ಜನ. ಪಕ್ಕದ ತಾಲೀಮಿನ, ಅಂದರೆ ಗರಡಿಮನೆಯ, ನಾಲ್ವರು ಪೈಲವಾನರು ಲಂಗೋಟಿಯ ಮೇಲೆ ಧೋತರ ಸುತ್ತಿಕೊಂಡು ಬಂದು, ಗಾಡಿಯನ್ನು ಗಲ್ಲಿಯ ಆ ತುದಿಯಿಂದ ಈ ತುದಿಗೆ ನೂಕಿ ನೂಕಿ ಕೆಂಪಾಗಿ ನಿಂತಿದ್ದರು. ಗೇರಿಗೆ ಹಾಕಿ ಕ್ಲಚ್ ಬಿಟ್ಟರೂ ಗಾಡಿ ತಳ್ಳುಗಾಡಿಯ ಹಾಗೆ ಸುಮ್ಮನೆ ಉರುಳುತ್ತಿತ್ತಂತೆ, ಇಂಜಿನ್ ಕೆಮ್ಮುತ್ತಲೂ ಇರಲಿಲ್ಲವಂತೆ. ಅವರಲ್ಲಿ ಹಿರಿಯನಿಗೆ ಇದು ತಾಲೀಮಿನ ಮರ್ಯಾದೆಯ ಪ್ರಶ್ನೆಯಾಗಿತ್ತು. ನಾನು ಬಾಗಿಲು ತೆಗೆದು ಗುಂಡಿಯನ್ನು ಹೊರಗೆ ಎಳೆದೆ. ಇನ್ನೊಂದು ಸಲ ನೂಕಿ ಎಂದೆ. ಅರ್ಧ ಗಲ್ಲಿ ದಾಟುವ ಮೊದಲೇ ಇಂಜಿನ್ ಚಾಲೂ ಆಯಿತು. ಪೈಲವಾನರು ಮೀಸೆ ತಿರುವಿದರು. ಶಿವಲಿಂಗಪ್ಪ ನನ್ನ ಕೈಯನ್ನೂ ಗುಂಡಿಯನ್ನೂ ಬದಲಿ ಬದಲಿ ನೋಡಿದ.

ಅವನಿಗೆ ಅಲ್ಲೇ ಕೂತು ಹೇಳಿಕೊಟ್ಟೆ. ಬಯಲು ರಸ್ತೆಯಲ್ಲಿ ಗುಂಡಿ ಒಳಗೆ. ಧಕ್ಕಾ ಕೊಡುವಾಗ ಮತ್ತು ಘಾಟು ಇಳಿಯುವಾಗ ಗುಂಡಿ ಹೊರಗೆ, ಇಲ್ಲದಿದ್ದರೆ ಗೇರಿನಲ್ಲಿದ್ದರೂ ಇಂಜಿನ್ ಗಾಡಿಯನ್ನು ತಡೆಯುವುದಿಲ್ಲ. ಒಂದು ವೇಳೆ ಮರೆತು ಇಳಿಯತೊಡಗಿದರೆ ಸುಮ್ಮನೆ ಎಳೆದರೆ ಬರುವುದಿಲ್ಲ, ಮೊದಲು ಆಕ್ಸಿಲರೇಟರ್ ತುಳಿದು ಇಂಜಿನ್ನನ್ನು ಚಕ್ರದ ವೇಗಕ್ಕೆ ತರಬೇಕು, ಆಗ ಎಳೆಯಬೇಕು.

“ಓಡಿ ಹೋಗೋ ಗಾಡಿ ನಿಲ್ಲಸಾಕ ಇನ್ನೂ ಓಡಸಬೇಕಂತೀರಿ?” ಎಂದ ಶಿವಲಿಂಗಪ್ಪ. “ಇದ್ಯಾವ ದೇಶದ ನ್ಯಾಯರೀ ಸಾಹೇಬ್ರ?”

ಅಂಬಕ್ಕನವರು ಮೆಟ್ಟಿಲ ಮೇಲೆ ನಿಂತು ಎಲ್ಲವನ್ನೂ ನೋಡುತ್ತಿದ್ದರು. ನಾಲ್ಕು ಪೈಲವಾನರ ಕೈಯಲ್ಲಿ ಆಗದ್ದು ಒಂದು ಗುಂಡಿಯಿಂದ ಆಯಿತೆಂದು ಅವರಿಗೆ ಅದರ ಮೇಲೆ ಭಕ್ತಿ ಹುಟ್ಟಿತು. “ತಮ್ಮಾ, ಗಾಡಿ ಜೀವ ಇದರಾಗ ಅದ ಹೌದಲ್ಲೋ?” ಎಂದು ನನ್ನನ್ನು ಕೇಳಿದರು. ಒಂದು ರೀತಿಯಲ್ಲಿ ಹೌದು ಎಂದೆ. ಇದನ್ನು ಹೇಳಿದ್ದು ಮಾತ್ರ ನನಗೆ ಸ್ಪಷ್ಟವಾಗಿ ನೆನಪಿದೆ.

ಮುಂದಿನದು ಯುದ್ಧ ಮುಗಿದ ಮೇಲೆ ನಡೆದದ್ದು. ಗಾಡಿಯ ಓವರ್‌ಡ್ರೈವನ್ನು ಬಿಚ್ಚಿ ತೊಳೆದು, ಗುಂಡಿಯ ಕೇಬಲ್ಲಿಗೆ ಗ್ರೀಸು ಊಡಿಸಿ ಕಳಿಸಿದ್ದೆವು. ವಕೀಲರಿಗೆ ಕೋರ್ಟು ಇದ್ದುದರಿಂದ ಅಂಬಕ್ಕನವರೊಬ್ಬರೇ ಶಿವಲಿಂಗಪ್ಪನ ಜೊತೆ ಬೆಳಗಾವಿಗೆ ಒಂದು ಮದುವೆಗೆ ಹೋದರು. ಮರಳಿ ಬರುವಾಗ ಕಾತ್ರಜದ ಬೋಗದೆ, ಆ ಘಾಟಿನ ಸುರಂಗ, ದಾಟಿದ ಮೇಲೆ, ಪುಣೆಯ ಕಡೆಗೆ ಇಳಿಯುವ ತಲೆಯಲ್ಲಿ, ರಸ್ತೆ ಬದಿಯ ಸಣ್ಣ ಗುಡಿಯ ಮುಂದೆ ಗಾಡಿ ನಿಲ್ಲಿಸಿದರು. ಘಾಟು ಇಳಿಯುವ ಮೊದಲು ಅಲ್ಲಿ ಕಾಯಿ ಒಡೆಯುವುದು ಎಲ್ಲ ಡ್ರೈವರುಗಳ ಪದ್ಧತಿ. ಶಿವಲಿಂಗಪ್ಪ ಕಾಯಿ ಒಡೆದು ಬಂದ, ಗಾಡಿ ಚಾಲೂ ಮಾಡಿದ, ಎರಡನೇ ಗೇರಿಗೆ ಹಾಕಿ ಇಳಿಯತೊಡಗಿದ. ಎರಡನೆಯ ತಿರುವಿನ ಹೊತ್ತಿಗೆ ಗಾಡಿ ಕೈಮೀರತೊಡಗಿತು. ಬ್ರೇಕು ತುಳಿದ. ಸ್ವಲ್ಪ ದೂರ ಹಿಡಿಯಿತು, ಆಮೇಲೆ ಸುಟ್ಟ ವಾಸನೆ ಬಂತು, ಆಮೇಲೆ ಪೆಡಲು ತಳದ ಹಲಗೆಗೆ ತಾಗಿತು, ಬ್ರೇಕೇ ಇಲ್ಲ. ಒಂದು ಕಡೆ ಪ್ರಪಾತ, ಇನ್ನೊಂದು ಕಡೆ ಗುಡ್ಡ. ಗುಡ್ಡದ ಬದಿಯಲ್ಲಿ ರಸ್ತೆ ದುರಸ್ತಿಗೆಂದು ಖಡಿ, ಜಲ್ಲಿಕಲ್ಲು, ರಾಶಿ ಹಾಕಿದ್ದರು. ಅವನು ಗಾಡಿಯನ್ನು ಅದರೊಳಗೆ ನುಗ್ಗಿಸಿದ. ಅಂಬಕ್ಕನವರ ಕನ್ನಡಕ ಒಡೆಯಿತು. ಬೆಳಗಾವಿಯಿಂದ ತಂದ ಕುಂದಾ ಸೀಟಿನ ತುಂಬ ಚೆಲ್ಲಿತು. ಅಷ್ಟೇ. ಇಬ್ಬರೂ ಬದುಕಿದರು.

ಮರುದಿನ ಎರಡು ಜೊತೆ ಎತ್ತುಗಳು ಆ ಗಾಡಿಯನ್ನು ಎಳೆದುಕೊಂಡು ಲಷ್ಕರದ ನಡುವಿನಿಂದ ನಮ್ಮ ಗ್ಯಾರೇಜಿಗೆ ತಂದವು. ಮುಂದಿನ ಆಕ್ಸಲು ಬಾಗಿತ್ತು. ಡ್ಯಾಶ್‌ಬೋರ್ಡಿನ ಅಡಿಯ ತಗಡು ಮಡಚಿ, ಗುಂಡಿಯ ಕೇಬಲ್ಲು ಹರಿದು ನೇತಾಡುತ್ತಿತ್ತು. ಆದ್ದರಿಂದಲೇ ಗುಂಡಿ ಹೊರಗಿತ್ತೋ ಒಳಗಿತ್ತೋ ಗಾಡಿಯನ್ನು ನೋಡಿ ಹೇಳಲು ಸಾಧ್ಯವಿರಲಿಲ್ಲ. ಗುಂಡಿಯ ಮೇಲೆ ಏನಾದರೂ ಕೆಂಪು ಕಂಡೆನೇ? ಹೇಳುವಾಗಲೆಲ್ಲ ಕಂಡೆ ಎಂದೇ ಹೇಳಿದ್ದೇನೆ. ಈಗ ಕಣ್ಣು ಮುಚ್ಚಿ ನೋಡಿದರೆ ಕೆಂಪು ಕಾಣುತ್ತದೆ, ಆದರೆ ಆ ಕೆಂಪನ್ನು ಅಲ್ಲಿ ಇಟ್ಟದ್ದು ಆಮೇಲೆ ಕೇಳಿದ ಮಾತೋ ಏನೋ.

ವಕೀಲರು ಬಂದರು. ಶಿವಲಿಂಗಪ್ಪ ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದ. ಏನಾಯಿತು ಹೇಳು ಎಂದರು. ಎರಡನೇ ಗೇರಿನಲ್ಲಿದ್ದೆ, ಗುಂಡಿ ಎಳೆದಿದ್ದೆ, ಗಾಡಿ ನಿಲ್ಲಲಿಲ್ಲ ಎಂದ.

“ಗೇರಿನಾಗಿನ ಗಾಡಿ ಹಂಗ ಓಡೂದಿಲ್ಲ,” ಎಂದರು ವಕೀಲರು. “ನ್ಯೂಟ್ರಲ್ ಮಾಡಿದ್ದಿ. ಪೆಟ್ರೋಲ್ ಉಳಸಾಕ ನಮ್ಮ ಅವ್ವನ ಜೀವ ಪಣಕ್ಕ ಹಚ್ಚಿದಿ.”

“ಇಲ್ಲರಿ ಸಾಹೇಬ್ರ.”

ವಕೀಲರು ನನ್ನ ಕಡೆ ತಿರುಗಿ, ನೀವು ಓದಿದವರು, ಗಾಡಿ ರಿಪೇರಿ ಮಾಡಿ ನನಗೆ ನಿಜ ಹೇಳಿ, ನ್ಯೂಟ್ರಲ್ ಮಾಡಿದ್ದು ಹೌದಾದರೆ ಇವನು ಆ ದಿನವೇ ಹೊರಗೆ, ಮುಂದೆ ಪುಣೆಯಲ್ಲಿ ಯಾರೂ ಇವನ ಕೈಗೆ ಸ್ಟಿಯರಿಂಗ್ ಕೊಡದ ಹಾಗೆ ನೋಡಿಕೊಳ್ಳುತ್ತೇನೆ ಎಂದರು. ಅವರು ಹೇಳಿದ್ದನ್ನು ಮಾಡುವವರು.

ಅಂದಿನಿಂದ ಶಿವಲಿಂಗಪ್ಪ ದಿನಾ ಬೆಳಿಗ್ಗೆ ಗ್ಯಾರೇಜಿಗೆ ಬಂದು ತನ್ನ ಗಾಡಿಯ ಹತ್ತಿರ ಕುಕ್ಕರುಗಾಲಿನಲ್ಲಿ ಕೂರತೊಡಗಿದ. ನಮ್ಮ ಫಿಟ್ಟರುಗಳು ಅವನಿಗೆ ‘ನ್ಯೂಟ್ರಲ್‌ರಾವ್’ ಎಂದು ಹೆಸರಿಟ್ಟರು. ಚಾ ಬಂದಾಗ ಮೊದಲ ಬಟ್ಟಲು ಮಾತ್ರ ಅವನಿಗೇ ಕೊಡುತ್ತಿದ್ದರು. ಶೇಟರು ಮೂರನೆಯ ದಿನ, ಅವನನ್ನು ನ್ಯೂಟ್ರಲ್ ಎಂದವನು ನನ್ನ ಅಂಗಳದಲ್ಲಿ ಚಾ ಕುಡಿಯಕೂಡದು ಎಂದರು. ಆ ಹೆಸರು ಕೂಗುವುದು ನಿಂತಿತು.

ಗೇರಿನಲ್ಲಿದ್ದ ಗಾಡಿ ಓಡಿಹೋಗಬಲ್ಲದು ಎಂಬುದು ನನಗೆ ಗೊತ್ತಿತ್ತು. ಆದರೆ ಅದಕ್ಕೆ ಗುಂಡಿ ಒಳಗಿರಬೇಕು. ಶಿವಲಿಂಗಪ್ಪ ಹೊರಗಿತ್ತು ಎನ್ನುತ್ತಾನೆ. ಹೊರಗಿದ್ದರೆ ಗಾಡಿ ಓಡಬಾರದು. ಪೆಟ್ಟಿಗೆ ಬಿಚ್ಚಿ ನೋಡಿದೆ, ಒಳಗೆ ಮುರಿದದ್ದು ಸವೆದದ್ದು ಏನೂ ಇರಲಿಲ್ಲ. ಅವನ ಎರಡು ಮಾತುಗಳಲ್ಲಿ ಒಂದನ್ನು ನಂಬಿದರೆ ಇನ್ನೊಂದು ಸುಳ್ಳಾಗುತ್ತಿತ್ತು.

ಗಾಡಿ ಸಿದ್ಧವಾದ ದಿನ, ಶೇಟರ ನಿಯಮವನ್ನು ತಡವಾಗಿಯಾದರೂ ಪಾಲಿಸಿ, ವಕೀಲರನ್ನು ಪಕ್ಕದಲ್ಲಿ ಕೂಡಿಸಿಕೊಂಡು ಕಾತ್ರಜಕ್ಕೆ ಹೋದೆ. ಶಿವಲಿಂಗಪ್ಪ ಹಿಂದೆ ಕುಳಿತಿದ್ದ. ಘಾಟಿನ ಕೊನೆಯ, ಕಡಿಮೆ ಇಳಿಜಾರಿನ ಭಾಗದಲ್ಲಿ ಗುಂಡಿ ಒತ್ತಿ, ಎರಡನೇ ಗೇರಿಗೆ ಹಾಕಿ ಕಾಲೆತ್ತಿದೆ. ಇಂಜಿನ್ನಿನ ಸದ್ದು ಇಳಿದು, ಮನೆಯ ಮುಂದೆ ನಿಲ್ಲಿಸಿದ ಗಾಡಿಯ ಹಾಗೆ ಗುನುಗತೊಡಗಿತು. ಗಾಡಿ ಮಾತ್ರ ವೇಗ ಏರಿಸುತ್ತ ಹೋಯಿತು. ವಕೀಲರು ಗೇರಿನ ಕೋಲನ್ನು ಕೈಯಿಂದ ಮುಟ್ಟಿ ನೋಡಿದರು.

“ಇದು ಎರಡನೇ ಗೇರ್ ಹೌದೇನ್ರಿ?”

“ಹೌದ್ರಿ.”

“ನಿಲ್ಲಸ್ರಿ. ತಿಳೀತು.”

ಆಕ್ಸಿಲರೇಟರ್ ತುಳಿದೆ. ವಕೀಲರು ಬಾಗಿಲಿನ ಹಿಡಿ ಗಟ್ಟಿಯಾಗಿ ಹಿಡಿದುಕೊಂಡರು. ಇಂಜಿನ್ ಚಕ್ರದ ವೇಗಕ್ಕೆ ಏರಿದಾಗ ಗುಂಡಿ ಎಳೆದು ಕಾಲೆತ್ತಿದೆ. ಹಿಂದಿನಿಂದ ಯಾರೋ ಜಗ್ಗಿದ ಹಾಗೆ ಗಾಡಿ ಹಿಡಿದುಕೊಂಡಿತು. ನೇರವಾಗಿ ವಕೀಲರ ಮನೆಗೆ ಹೋದೆವು.

ಮನೆಯಲ್ಲಿ ಅಂಬಕ್ಕನವರು ಹೊಸ ಕನ್ನಡಕ ಹಾಕಿಕೊಂಡು ತೂಗುಮಣೆಯ ಮೇಲೆ ಕುಳಿತಿದ್ದರು. ವಕೀಲರು ನಿಂತುಕೊಂಡೇ, ನ್ಯೂಟ್ರಲ್ ಮಾಡಿದ್ದಿ ಎಂದ ಮಾತನ್ನು ಹಿಂದಕ್ಕೆ ತೆಗೆದುಕೊಂಡೆ ಎಂದು ಶಿವಲಿಂಗಪ್ಪನಿಗೆ ಹೇಳಿದರು. ಆಮೇಲೆ ದನಿ ಬದಲಾಯಿತು.

“ಆದ್ರ ಗುಂಡಿ ಎಳದಿದ್ದೆ ಅಂದದ್ದು ಸುಳ್ಳು. ಮರ್ತೆ ಅಂದಿದ್ರ ನಾ ಏನೂ ಅಂತಿದ್ದಿಲ್ಲ. ಸುಳ್ಳು ಹೇಳಾವ್ರನ್ನ ದಿನಾ ಕೋರ್ಟಿನ್ಯಾಗ ನೋಡ್ತೀನಿ. ಮನ್ಯಾಗ ಬ್ಯಾಡ.”

ತೂಗುಮಣೆ ನಿಂತಿತು.

“ಅಂವ ಎಳದಿದ್ದ,” ಎಂದರು ಅಂಬಕ್ಕನವರು. “ನಾ ನೋಡೀನಿ. ಎಳದು, ಕಾಯಿ ಒಡ್ಯಾಕ ಹ್ವಾದ. ಅಂವ ಬರೂದ್ರಾಗ ನಾ ಸ್ಟಿಯರಿಂಗಿಗೆ ಕುಂಕುಮ ಹಚ್ಚಿದೆ, ಆ ಗುಂಡಿಗೂ ಹಚ್ಚಿದೆ. ಗಾಡಿ ಜೀವ ಅದರಾಗ ಅದ ಅಂತ ಈ ತಮ್ಮನ ಹೇಳಿದ್ದ. ಹಚ್ಚುಮುಂದ ಒಳಗ ಹೋತೋ ಏನೋ, ನನಗೇನು ತಿಳೀತದ?”

ವಕೀಲರು ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಆಗ ಶಿವಲಿಂಗಪ್ಪ ಬಾಗಿಲ ಹತ್ತಿರದಿಂದ ಹೇಳಿದ:

“ಅವ್ವಾರ ಮಾತು ಕೇಳಬ್ಯಾಡ್ರಿ ಸಾಹೇಬ್ರ. ನಾ ಎಳದಿದ್ದಿಲ್ಲ. ಮರ್ತಿದ್ದೆ.”

“ಏ ಶಿವಲಿಂಗಾ, ಬಾಯಿ ಮುಚ್ಚು. ನಾ ಕಣ್ಣಾರೆ ಕಂಡೀನಿ.”

“ಕನ್ನಡಕ ಒಡದಿತ್ತಲ್ರಿ ಅವ್ವಾರ.”

“ಅದು ಒಡದದ್ದು ಆಮ್ಯಾಲೋ ಮೂಳಾ.”

ವಕೀಲರು ಕುರ್ಚಿಯಲ್ಲಿ ಕುಳಿತುಬಿಟ್ಟರು. ಇಷ್ಟು ವರ್ಷದ ವಕೀಲಿಯಲ್ಲಿ ಒಂದು ಗುನ್ಹೆಯನ್ನು ಒಬ್ಬ ಒಪ್ಪಿಕೊಂಡದ್ದೇ ಅಪರೂಪ, ಇಲ್ಲಿ ಇಬ್ಬರು ಜಗಳಾಡುತ್ತಿದ್ದಾರೆ ಎಂದರು. ನಂತರ ನನ್ನನ್ನು ಕೇಳಿದರು, ಅದು ಅವರ ವೃತ್ತಿಯ ಪ್ರಶ್ನೆ, ಚೂಪಾಗಿತ್ತು:

“ಕುಂಕುಮ ಹಚ್ಚೂದು ಉಂಗುರಬೆರಳಿಂದ. ಮುದುಕಿ ಉಂಗುರಬೆರಳಿಗೆ ಆ ಗುಂಡಿ ಒತ್ತೂವಷ್ಟು ಬಲ ಇರ್ತದೇನ್ರಿ?”

ಎಲ್ಲರೂ ಅಂಗಳಕ್ಕೆ ಬಂದೆವು. ಗುಂಡಿ ಎಳೆದಿಟ್ಟೆ. ಅಂಬಕ್ಕನವರು ಒಳಗಿನಿಂದ ಕುಂಕುಮದ ಭರಣಿ ತರಿಸಿ, ಬಾಗಿ, ಉಂಗುರಬೆರಳಿನಿಂದ ಹಚ್ಚಿದರು. ಗುಂಡಿ ಕದಲಲಿಲ್ಲ. ಇನ್ನೊಮ್ಮೆ ಒತ್ತಿ ಹಚ್ಚಿದರು. ಕದಲಲಿಲ್ಲ. ಶಿವಲಿಂಗಪ್ಪ ಹಗುರಾಗಿ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಕೆಲಸ ಹೋಗುವವನ ಉಸಿರಿನ ಹಾಗೆ ಇರಲಿಲ್ಲ ಅದು.

ಇಲ್ಲಿಂದ ನನ್ನ ನೆನಪು ಎರಡು ದಾರಿ ಹಿಡಿಯುತ್ತದೆ. ಒಂದರಲ್ಲಿ ನಾನು ಬಾಗಿ ಕೇಬಲ್ಲನ್ನು ನೋಡಿ ಆಮೇಲೆ ಮಾತಾಡುತ್ತೇನೆ. ಇನ್ನೊಂದರಲ್ಲಿ ತಕ್ಷಣ ಮಾತಾಡುತ್ತೇನೆ. ಹೇಳಿದ ಮಾತು ಎರಡರಲ್ಲೂ ಒಂದೇ: ಗೊತ್ತಿಲ್ಲ. ಈ ಕೇಬಲ್ಲು ಹೊಸದು, ಸ್ಥಳೀಯವಾಗಿ ಮಾಡಿಸಿದ್ದು, ಬಿಗಿಯಾಗಿದೆ. ಹರಿದುಹೋದದ್ದು ಕಾರ್ಖಾನೆಯದು, ಗ್ರೀಸು ಊಡಿಸಿದ್ದು. ಅದು ಗುಜರಿಗೆ ಹೋಗಿದೆ. ಇದು ಒಳಗೆ ಹೋಗಲಿಲ್ಲ ಎಂಬುದರಿಂದ ಅದು ಹೋಗಲಿಲ್ಲ ಎಂದು ಹೇಳಲಾರೆ.

“ಅಂದ್ರ ಇಂಜಿನಿಯರ್ ಸಾಕ್ಷಿ ಏನು?” ಎಂದರು ವಕೀಲರು.

“ಗೊತ್ತಿಲ್ಲ ಅನ್ನೂದ ಸಾಕ್ಷಿರಿ.”

ಅವರು ಗುಂಡಿಯ ಮೇಲಿನ ಕುಂಕುಮವನ್ನು ನೋಡಿದರು. ಸಂಶಯದ ಲಾಭ ಆರೋಪಿಗೆ ಸಲ್ಲುತ್ತದೆ, ಇಲ್ಲಿ ಇಬ್ಬರಿದ್ದಾರೆ, ಇಬ್ಬರಿಗೂ ಸಲ್ಲಲಿ ಎಂದರು. ಗಾಡಿಯ ಕೀಲಿಯನ್ನು ಶಿವಲಿಂಗಪ್ಪನ ಕಡೆ ಚಾಚಿದರು. ಅವನು ಅಂಗಿಗೆ ಕೈ ಒರೆಸಿಕೊಂಡು ತೆಗೆದುಕೊಂಡ. ಅಂಬಕ್ಕನವರು ಎಲ್ಲರೂ ಊಟಕ್ಕೆ ಏಳಿರಿ ಎಂದು ಒಳಗೆ ಹೋದರು. ಶಿವಲಿಂಗಪ್ಪನ ಎಲೆಗೆ ಎರಡು ಸಲ ತುಪ್ಪ ಬಿತ್ತು.

ಆ ಮನೆಯಲ್ಲಿ ಅಂದಿನಿಂದ ಒಂದು ಹೊಸ ಪದ್ಧತಿ ಶುರುವಾಯಿತು. ಘಾಟಿನ ತಲೆಯಲ್ಲಿ ಮೊದಲು ಕಾಯಿ, ಆಮೇಲೆ ಕುಂಕುಮ, ಕೊನೆಗೆ ಗುಂಡಿ. ಅಂಬಕ್ಕನವರು “ಎಳೀ” ಎಂದ ಮೇಲೆ ಶಿವಲಿಂಗಪ್ಪ ಎಳೆಯಬೇಕು, “ಎಳದೆ” ಎಂದು ಹೇಳಬೇಕು. ಇದನ್ನು ಕೇಳಿ ಶೇಟರು ನಮ್ಮ ಗ್ಯಾರೇಜಿನಲ್ಲೂ ಹಾಗೇ ಮಾಡಿದರು. ಓವರ್‌ಡ್ರೈವ್ ಗಾಡಿ ಕೊಡುವಾಗ ಪೂಜೆ, ಹಾರ, ನಿಂಬೆಹಣ್ಣು ಎಲ್ಲ ಮುಗಿಯುವ ತನಕ ಕಾದು, ಆಮೇಲೆ ಗಿರಾಕಿಯ ಎದುರಿಗೆ ಗುಂಡಿ ಎಳೆದು ತೋರಿಸಬೇಕು. ದಸರೆಯ ಮರುದಿನ ಬರುವ ಗಾಡಿಗಳಲ್ಲಿ ಮೊದಲು ನೋಡಬೇಕಾದದ್ದು ಗುಂಡಿಯನ್ನು ಎಂದು ನಾನು ನನ್ನ ಕೈಕೆಳಗಿನವರಿಗೆ ಕೊನೆಯವರೆಗೂ ಹೇಳುತ್ತಿದ್ದೆ. ಇಂಥದು ಅಮೆರಿಕದಿಂದ ಬರುವ ಪುಸ್ತಕದಲ್ಲಿ ಇರುವುದಿಲ್ಲ.

ನನ್ನ ಚಡಪಡಿಕೆ ಮಾತ್ರ ಹೋಗಲಿಲ್ಲ. ಒಂದು ದಿನ ಶಿವಲಿಂಗಪ್ಪ ಗಾಡಿ ತೊಳೆಯುತ್ತಿದ್ದಾಗ ನೇರವಾಗಿ ಕೇಳಿದೆ: ನಿಜ ಹೇಳು, ಎಳೆದಿದ್ದೆಯೋ ಮರೆತಿದ್ದೆಯೋ? ಅವನು ಬಟ್ಟೆ ಹಿಂಡುತ್ತ ನಕ್ಕ.

“ಹತ್ತು ವರ್ಷ ಅವ್ವಾರ ಕೈಯಾಗಿನ ಊಟ ಉಂಡೀನ್ರಿ. ಗುಂಡಿ ಯಾವ ಕಡೆ ಇತ್ತು ಅಂತ ನೀವ ಏನರ ಬರ್ಕೊರಿ. ನಂದೇನೂ ತಕರಾರಿಲ್ಲ.”

ದೇಶ ಸ್ವತಂತ್ರವಾದ ವರ್ಷ ವಕೀಲರು ಆ ಗಾಡಿ ಮಾರಿ ಸಣ್ಣದನ್ನು ಕೊಂಡರು. ಅದರಲ್ಲಿ ಓವರ್‌ಡ್ರೈವ್ ಇರಲಿಲ್ಲ. ಅಂಬಕ್ಕನವರು ಅದರ ಚೋಕ್ ಗುಂಡಿಗೆ ಕುಂಕುಮ ಹಚ್ಚುತ್ತಿದ್ದರೆಂದು ಕೇಳಿದ್ದೇನೆ. ಅದರಿಂದ ಯಾರಿಗೂ ಕೇಡಾಗಲಿಲ್ಲ.

ನಾನು ನಿವೃತ್ತನಾದ ಮೇಲೆ ಕೊಲ್ಹಾಪುರದಲ್ಲಿ ಹಳೆಯ ಗಾಡಿಗಳನ್ನು ಕೂಡಿಹಾಕುವ ಒಬ್ಬ ಜಮೀನ್ದಾರರ ಶೆಡ್ಡಿಗೆ ಹೋಗಿದ್ದೆ, ಸುಶೀಲಾಳೂ ಜೊತೆಗಿದ್ದಳು. ಸಾಲಿನ ಕೊನೆಯಲ್ಲಿ ಅದೇ ಮಾದರಿಯ ಗಾಡಿ ನಿಂತಿತ್ತು. ಅದೇ ದಂತದ ಬಣ್ಣದ ಗುಂಡಿ. ಅಡಿಯಲ್ಲಿ ಮಲಗಿ ನೋಡಿದೆ, ಕೇಬಲ್ಲು ಕಾರ್ಖಾನೆಯದೇ, ಬದಲಿಸಿದ ಗುರುತಿರಲಿಲ್ಲ. ಜಮೀನ್ದಾರರ ಅನುಮತಿ ಪಡೆದು ಅದಕ್ಕೆ, ಅಂದು ಊಡಿಸಿದ ಹಾಗೆಯೇ, ಗ್ರೀಸು ಊಡಿಸಿದೆ. ಗುಂಡಿಯನ್ನು ಪೂರ್ತಿ ಹೊರಗೆ ಎಳೆದು ಸುಶೀಲಾಳನ್ನು ಕರೆದೆ. ಕುಂಕುಮ ಹಚ್ಚು ಎಂದೆ, ಯಾಕೆಂದು ಹೇಳಲಿಲ್ಲ. ಅವಳು ಆ ಮನೆಯವರಿಂದ ಭರಣಿ ತಂದಳು. ಅವಳಿಗೂ ಆಗ ಎಪ್ಪತ್ತರ ಹತ್ತಿರ.

ಇದರಿಂದ ಆ ದಿನ ಕಾತ್ರಜದಲ್ಲಿ ಏನಾಯಿತೆಂದು ರುಜುವಾಗುವುದಿಲ್ಲ. ಅದು ಬೇರೆ ಗಾಡಿ, ಬೇರೆ ಕೇಬಲ್ಲು, ಬೇರೆ ಕೈ. ನಾನು ಪರೀಕ್ಷಿಸಿ ಖಚಿತಪಡಿಸಿಕೊಂಡದ್ದು ಒಂದನ್ನೇ: ಅವಳು ದೇವರಿಗೆ ಹಚ್ಚುವ ಹಾಗೆ ಉಂಗುರಬೆರಳಿನಿಂದ ಒಮ್ಮೆ ಹಚ್ಚಿದಳು, ಗುಂಡಿ ಸದ್ದಿಲ್ಲದೆ ಒಳಗೆ ಹೋಯಿತು.